ಆಟೋಕ್ರಾಸ್‌ಗೆ ಹೊಸಬರೇ? ಟೈರು, ತರಬೇತಿ, ಸಿಮ್ಯುಲೇಟರ್‌ಗಳಲ್ಲಿ ಮೊದಲು ಯಾವುದು: ಒಂದು ಹೋಲಿಕೆ

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಹಳೆಯ ವಿಮಾನ ನಿಲ್ದಾಣದ ಕಾಂಕ್ರೀಟಿನ ಮೇಲೆ ಹಾಜರಾಗಿ, ಸಂಜೆ ನಾಲ್ಕರವರೆಗೆ ಬಿಸಿಲಿನಲ್ಲಿ ಕಳೆದು, ಅಷ್ಟು ಹೊತ್ತಿನಲ್ಲಿ ಕಾರನ್ನು ನಿಜವಾಗಿ ಓಡಿಸಿದ್ದು ಎಷ್ಟು ಎಂದು ಲೆಕ್ಕ ಹಾಕಿದರೆ ಹೊಸಬರಿಗೆ ಅಚ್ಚರಿಯಾಗುತ್ತದೆ. ಅಮೆರಿಕದ ಹೆಚ್ಚಿನ ಆಟೋಕ್ರಾಸ್ ಸ್ಪರ್ಧೆಗಳಲ್ಲಿ ಒಬ್ಬರಿಗೆ ಸಿಗುವುದು ನಾಲ್ಕರಿಂದ ಆರು ಓಟ, ಒಂದೊಂದು ಓಟ 40ರಿಂದ 60 ಸೆಕೆಂಡು. ಎಲ್ಲವನ್ನೂ ಕೂಡಿಸಿದರೆ ದಿನಕ್ಕೆ ಐದು ನಿಮಿಷದ ಆಸುಪಾಸು. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ತಿಂಗಳಿಗೊಂದು ಸ್ಪರ್ಧೆಗೆ ತಪ್ಪದೆ ಹೋದವರ ಇಡೀ ವರ್ಷದ ಅಭ್ಯಾಸ 35 ನಿಮಿಷ. ಬಸವನಗುಡಿಯಿಂದ ಮಲ್ಲೇಶ್ವರಕ್ಕೆ ಹೋಗಲು ಬೇಕಾಗುವಷ್ಟು ಸಮಯ. ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ. ಹಣ ಕೊಟ್ಟು ಪಡೆಯುವ ಯಾವುದೇ ವಸ್ತು ಅಥವಾ ತರಬೇತಿಯ ಬಗ್ಗೆ ನಾನು ಕೇಳುವುದು ಎರಡೇ ಪ್ರಶ್ನೆ: ಅದು ನನ್ನ ಓಟಗಳ ಸಂಖ್ಯೆಯನ್ನು ಹೆಚ್ಚಿಸುತ್ತದೆಯೇ, ಇಲ್ಲವೇ ಸಿಕ್ಕ ಪ್ರತಿ ಓಟದಿಂದ ನಾನು ಕಲಿಯುವುದನ್ನು ಹೆಚ್ಚಿಸುತ್ತದೆಯೇ?

ಈ ಆಟದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ವಿಶಾಲವಾದ ಪಾರ್ಕಿಂಗ್ ಜಾಗದಲ್ಲೋ ಬಳಕೆಯಲ್ಲಿಲ್ಲದ ರನ್‌ವೇಯಲ್ಲೋ ಕಿತ್ತಳೆ ಬಣ್ಣದ ಕೋನ್‌ಗಳನ್ನಿಟ್ಟು ಒಂದು ದಾರಿಯನ್ನು ರಚಿಸುತ್ತಾರೆ. ಕಾರುಗಳು ಒಂದರ ಹಿಂದೆ ಒಂದರಂತೆ ಅದರಲ್ಲಿ ಓಡುತ್ತವೆ. ತಮ್ಮ ವರ್ಗದಲ್ಲಿ ಎಲ್ಲರಿಗಿಂತ ಕಡಿಮೆ ಸಮಯದಲ್ಲಿ ಮುಗಿಸಿದವರು ಗೆಲ್ಲುತ್ತಾರೆ. 1944ರಲ್ಲಿ ಸ್ಥಾಪನೆಯಾದ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ, ಅಂದರೆ ಎಸ್‌ಸಿಸಿಎ, ಇದನ್ನು ‘ಸೋಲೋ’ ಎಂಬ ಹೆಸರಿನಲ್ಲಿ ದೇಶದ ತುಂಬ ನಡೆಸುತ್ತದೆ. ಪ್ರತಿ ಕೋನಿನ ಬುಡದ ಸುತ್ತ ನೆಲದ ಮೇಲೆ ಒಂದು ಚೌಕ ಬರೆದಿರುತ್ತಾರೆ. ಕಾರು ತಾಗಿ ಕೋನ್ ಉರುಳಿದರೆ ಅಥವಾ ಪೂರ್ತಿಯಾಗಿ ಆ ಚೌಕದ ಹೊರಗೆ ಹೋದರೆ ನಿಮ್ಮ ಸಮಯಕ್ಕೆ 2 ಸೆಕೆಂಡು ಸೇರುತ್ತದೆ, ತಾಗಿಯೂ ಚೌಕಕ್ಕೆ ಅಂಟಿಕೊಂಡು ನಿಂತಿದ್ದರೆ ದಂಡವಿಲ್ಲ. ದಾರಿ ತಪ್ಪಿದರೆ ಆ ಓಟವೇ ಲೆಕ್ಕಕ್ಕಿಲ್ಲ. ವೇಗ ಸಾಮಾನ್ಯವಾಗಿ ಹೆದ್ದಾರಿಯ ಮಿತಿಯನ್ನು ಮೀರದಂತೆ ದಾರಿಯನ್ನು ರಚಿಸುವುದರಿಂದ, ಮನೆಯವರೆಲ್ಲ ಓಡಾಡುವ ಕಾರಿನಲ್ಲೇ ಸ್ಪರ್ಧಿಸಿ ಅದರಲ್ಲೇ ಮನೆಗೆ ಮರಳಬಹುದು. ನನ್ನಂತೆ ಕೆಲಸಕ್ಕೆಂದು ಅಮೆರಿಕಕ್ಕೆ ಬಂದ ಎಷ್ಟೋ ಮಂದಿಗೆ ಈ ಆಟ ಕೈಗೆಟುಕುವುದು ಈ ಕಾರಣಕ್ಕೆ.

ಹೊಸ ಟೈರು ಮತ್ತು ಸರಿಯಾದ ದಾರಿ

ಹೊಸಬರು ಮೊದಲು ಕೊಳ್ಳುವುದು ಟೈರು. ನಾನೂ ಅದನ್ನೇ ಮಾಡಿದೆ. ಮೂರನೆಯ ಸ್ಪರ್ಧೆಗೆ ಮುಂಚೆ 860 ಡಾಲರ್ ಕೊಟ್ಟು, ಸ್ಟ್ರೀಟ್ ವರ್ಗದ (ಹೆಚ್ಚು ಬದಲಾವಣೆ ಮಾಡದ ಕಾರುಗಳ ವರ್ಗ) ನಿಯಮ ಒಪ್ಪುವ 200ರ ಟ್ರೆಡ್‌ವೇರ್ ಸಂಖ್ಯೆಯ (ಟೈರು ಎಷ್ಟು ಬೇಗ ಸವೆಯುತ್ತದೆ ಎಂಬುದರ ಅಳತೆ) ಟೈರುಗಳನ್ನು ಹಾಕಿಸಿಕೊಂಡೆ. ಸಮಯ ಸ್ವಲ್ಪ ಕಡಿಮೆಯಾಯಿತು, ಆದರೆ ನನ್ನದೇ ಮಾದರಿಯ ಕಾರಿನಲ್ಲಿ ಬರುತ್ತಿದ್ದ ಹಿರಿಯರೊಬ್ಬರಿಗಿಂತ ಇನ್ನೂ ನಾಲ್ಕು ಸೆಕೆಂಡು ಹಿಂದೆಯೇ ಉಳಿದೆ. ಅವರು ಓಡಿಸುತ್ತಿದ್ದದ್ದು ಕಾರ್ಖಾನೆಯಿಂದ ಬಂದ ಸಾಧಾರಣ ಟೈರಿನಲ್ಲಿ.

ಇದಕ್ಕೆ ಕಾರಣವನ್ನು ಕಾಗದದ ಮೇಲೆ ಲೆಕ್ಕ ಮಾಡಿ ನೋಡಬಹುದು. ದಾರಿಯ ಕೊನೆಯಲ್ಲಿ ಪೂರ್ತಿ ಹಿಂದಕ್ಕೆ ತಿರುಗಿಸುವ ಒಂದು ತಿರುವಿದೆ, ಅದನ್ನು 15 ಮೀಟರ್ ತ್ರಿಜ್ಯದಲ್ಲಿ ಸುತ್ತಬಹುದು ಎಂದುಕೊಳ್ಳೋಣ. ಸಾಧಾರಣ ಟೈರು 0.9 ಜಿ ಯಷ್ಟು (1 ಜಿ ಎಂದರೆ ಭೂಮಿಯ ಗುರುತ್ವದಷ್ಟು) ಹಿಡಿತ ಕೊಟ್ಟರೆ ಅಲ್ಲಿ ಗಂಟೆಗೆ ಸುಮಾರು 41 ಕಿಲೋಮೀಟರ್ ವೇಗ ಸಾಧ್ಯ, ಆ ಅರ್ಧ ವೃತ್ತಕ್ಕೆ ಹಿಡಿಯುವುದು 4.1 ಸೆಕೆಂಡು. ಒಳ್ಳೆಯ ಟೈರು ಹಾಕಿ ಹಿಡಿತವನ್ನು 1 ಜಿ ಗೆ ಏರಿಸಿದರೆ ಅದು 3.9 ಸೆಕೆಂಡಿಗೆ ಇಳಿಯುತ್ತದೆ, ಲಾಭ 0.2 ಸೆಕೆಂಡು. ಈಗ ಹಳೆಯ ಟೈರಿನಲ್ಲೇ, ಕೋನಿಗೆ ಹತ್ತಿರ ಹೋಗಲು ಹೆದರಿ 3 ಮೀಟರ್ ದೂರದಿಂದ, ಅಂದರೆ 18 ಮೀಟರ್ ತ್ರಿಜ್ಯದಲ್ಲಿ ಸುತ್ತಿದರೆ ಏನಾಗುತ್ತದೆ ನೋಡಿ. ವೇಗ 45 ಕಿಲೋಮೀಟರಿಗೆ ಏರುತ್ತದೆ, ಚಾಲಕರಿಗೆ ಕಾರು ಚುರುಕಾಗಿ ಹೋಗುತ್ತಿದೆ ಎಂದೂ ಅನ್ನಿಸುತ್ತದೆ, ಆದರೆ ಹಾದಿ 9 ಮೀಟರಿಗೂ ಮಿಕ್ಕಿ ಉದ್ದವಾಗಿ ಸಮಯ ಸುಮಾರು 4.5 ಸೆಕೆಂಡಿಗೆ ಏರುತ್ತದೆ. ಟೈರು ಉಳಿಸಿಕೊಟ್ಟ ಸಮಯದ ಎರಡರಷ್ಟನ್ನು ಮೂರು ಮೀಟರಿನ ಅಂಜಿಕೆ ಕಳೆಯಿತು. ತಿರುವಿನ ಮುಂದೆ ಉದ್ದನೆಯ ನೇರ ದಾರಿ ಇದ್ದರೆ ಅಗಲವಾಗಿ ಸುತ್ತಿ ವೇಗ ಉಳಿಸಿಕೊಳ್ಳುವುದರಲ್ಲಿ ಲಾಭವಿರಬಹುದು, ಆದ್ದರಿಂದ ಈ ಲೆಕ್ಕವನ್ನು ಎಲ್ಲ ತಿರುವಿಗೂ ಹಾಗೆಯೇ ಅನ್ವಯಿಸಬಾರದು. ಆದರೆ ಹೊಸಬರ ಓಟಗಳನ್ನು ದಾರಿಯ ಅಂಚಿನಲ್ಲಿ ನಿಂತು ನೋಡಿದರೆ, ಹತ್ತರಲ್ಲಿ ಎಂಟು ತಿರುವುಗಳಲ್ಲಿ ಕಾರಿಗೂ ಕೋನಿಗೂ ನಡುವೆ ಇನ್ನೊಂದು ಕಾರು ಹೋಗುವಷ್ಟು ಜಾಗ ಖಾಲಿ ಬಿದ್ದಿರುವುದು ಕಣ್ಣಿಗೆ ರಾಚುತ್ತದೆ.

ಟೈರಿನ ವಿಷಯದಲ್ಲಿ ಇನ್ನೂ ಒಂದು ಮಾತಿದೆ. ಸಾಧಾರಣ ಟೈರು ಹಿಡಿತದ ಕೊನೆಗೆ ಬರುವ ಮೊದಲೇ ಕಿರುಗುಟ್ಟಿ ಎಚ್ಚರಿಸುತ್ತದೆ, ಜಾರುವುದೂ ನಿಧಾನವಾಗಿ. ಆ ಸದ್ದು ಕಲಿಯುವವರಿಗೆ ಪಾಠ ಹೇಳುವಂತಿರುತ್ತದೆ. ಸ್ಪರ್ಧೆಯ ಟೈರುಗಳಲ್ಲಿ ಹಲವು ಬಹಳ ಹೊತ್ತು ಹಿಡಿದಿಟ್ಟು, ಬಿಡುವಾಗ ಒಮ್ಮೆಲೇ ಬಿಡುತ್ತವೆ. ಇರುವ ಟೈರು ಸವೆಯುವವರೆಗೆ ಅದರಲ್ಲೇ ಓಡಿಸಿ, ಎರಡನೆಯ ವರ್ಷ ಬದಲಿಸುವುದು ಸರಿ ಎಂಬುದು ನನ್ನ ಅಭಿಪ್ರಾಯ. ಅಲ್ಲಿಯವರೆಗೆ ಗಾಳಿಯ ಒತ್ತಡವನ್ನು ಸರಿಪಡಿಸಿಕೊಳ್ಳುವುದಕ್ಕೆ ಹೆಚ್ಚು ಖರ್ಚಿಲ್ಲ. ಓಟಕ್ಕೆ ಮುಂಚೆ ಟೈರಿನ ಭುಜದ ಮೇಲೆ, ನೆಲಕ್ಕೆ ತಾಗುವ ಪಟ್ಟೆಯಿಂದ ಪಕ್ಕದ ಗೋಡೆಯವರೆಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಮರಳಿ ಬಂದಾಗ ಗೆರೆ ಎಲ್ಲಿಯವರೆಗೆ ಅಳಿಸಿದೆ ಎಂದು ನೋಡಿದರೆ, ಟೈರು ಎಷ್ಟರ ಮಟ್ಟಿಗೆ ಮಗ್ಗುಲಾಗುತ್ತಿದೆ ಎಂಬುದು ಗೊತ್ತಾಗುತ್ತದೆ. ಗೋಡೆಯ ಮೇಲಿನ ಸುಣ್ಣವೂ ಉಜ್ಜಿಹೋಗಿದ್ದರೆ ಒತ್ತಡ ಕಡಿಮೆ. ಭುಜದ ಅಂಚಿಗೂ ಮುಟ್ಟದಿದ್ದರೆ ಹೆಚ್ಚು. ಮುಂದಿನ ಚಕ್ರಗಳಿಂದ ಎಳೆಯುವ ಕಾರಿನಲ್ಲಿ ಮುಂದಿನ ಟೈರುಗಳಿಗೇ ಈ ಕಷ್ಟ ಹೆಚ್ಚು. ಶಾಕ್ ಅಬ್ಸಾರ್ಬರ್, ಆಂಟಿ-ರೋಲ್ ಬಾರ್ ಮೊದಲಾದವುಗಳ ಮಾತು ಮೊದಲ ವರ್ಷದಲ್ಲಿ ಬೇಕಿಲ್ಲ.

ತರಬೇತಿ ಶಿಬಿರ, ಪಕ್ಕದ ಸೀಟಿನ ಬೋಧಕರು, ಇನ್ನಷ್ಟು ಸ್ಪರ್ಧೆಗಳು

ಒಂದು ಸ್ಪರ್ಧೆಯ ಶುಲ್ಕ 60 ಡಾಲರ್ ಎಂದಿಟ್ಟುಕೊಂಡರೆ, ನಾನು ಟೈರಿಗೆ ಸುರಿದ ಹಣದಲ್ಲಿ 14 ಸ್ಪರ್ಧೆಗಳಿಗೆ ಹೋಗಬಹುದಿತ್ತು. ಓಟಗಳ ಸಂಖ್ಯೆಯೇ ಕೊರತೆಯಾದರೆ ಸ್ಪರ್ಧೆಗಳನ್ನು ಹೆಚ್ಚಿಸುವುದೇ ಪರಿಹಾರ ಎಂದು ತೋರುವುದು ಸಹಜ. ಆದರೆ ಒಬ್ಬರೇ ಓಡಿಸುತ್ತ ಹೋದಾಗ ತಪ್ಪುಗಳೂ ಕೈಗೆ ಪಳಗುತ್ತವೆ. ತಡವಾಗಿ ಸ್ಟೀರಿಂಗ್ ತಿರುಗಿಸುವ ಅಭ್ಯಾಸ ಹತ್ತು ಸ್ಪರ್ಧೆಗಳಲ್ಲಿ ಗಟ್ಟಿಯಾದರೆ ಅದನ್ನು ಬಿಡಿಸಲು ಇನ್ನೂ ಹತ್ತು ಬೇಕು.

ಆದ್ದರಿಂದ ಮೊದಲ ವರ್ಷದಲ್ಲಿ ಹಣ ಕೊಟ್ಟು ಒಂದನ್ನೇ ಪಡೆಯಬಹುದಾದರೆ ಅದು ಒಂದು ದಿನದ ತರಬೇತಿ ಶಿಬಿರವಾಗಿರಲಿ. ಎಸ್‌ಸಿಸಿಎ ನಡೆಸುವ ‘ಸ್ಟಾರ್ಟಿಂಗ್ ಲೈನ್’ ಶಿಬಿರ ಹೊಸಬರಿಗೆಂದೇ ಇರುವುದು. ಊರೂರಿಗೆ ಹೋಗಿ ಆಟೋಕ್ರಾಸ್ ಮಾತ್ರ ಕಲಿಸುವ ‘ಇವಲ್ಯೂಷನ್’ ಶಾಲೆಯೂ ಇದೆ. ಸ್ಥಳೀಯ ಕ್ಲಬ್‌ಗಳು ಋತುವಿನ ಆರಂಭದಲ್ಲಿ ನಡೆಸುವ ಶಿಬಿರಗಳ ಶುಲ್ಕ ಇನ್ನೂ ಕಡಿಮೆ. ಶಿಬಿರದಲ್ಲಿ ಉರುಳಿದ ಕೋನ್ ಎತ್ತಿಡುವ ಪಾಳಿ (ಸ್ಪರ್ಧೆಗಳಲ್ಲಿ ಚಾಲಕರೇ ಮಾಡುವ ಕೆಲಸ) ಮತ್ತು ಕಾಯುವುದು ಕಡಿಮೆ, ಓಡಿಸುವುದು ಹೆಚ್ಚು. ಒಂದೇ ತುಣುಕು ದಾರಿಯನ್ನು ಮತ್ತೆ ಮತ್ತೆ ಓಡಿಸಿ, ಪ್ರತಿ ಸಲವೂ ಪಕ್ಕದಲ್ಲಿ ಕೂತವರ ಮಾತನ್ನು ಆಗಿಂದಾಗಲೇ ಪರೀಕ್ಷಿಸಬಹುದು. ಮೇಲಿನ ನನ್ನ ಎರಡು ಪ್ರಶ್ನೆಗಳಿಗೂ ಹೌದು ಎಂದು ಉತ್ತರ ಬರುವುದು ಇದೊಂದಕ್ಕೇ.

ಶಿಬಿರ ಹತ್ತಿರದಲ್ಲಿಲ್ಲದಿದ್ದರೆ ಬೋಧಕರನ್ನು ಕೇಳಿಕೊಳ್ಳಿ. ಹೆಚ್ಚಿನ ಕ್ಲಬ್‌ಗಳಲ್ಲಿ ಹೊಸಬರ ಪಕ್ಕದಲ್ಲಿ ಅನುಭವಿಗಳು ಕೂರುವ ವ್ಯವಸ್ಥೆ ಇರುತ್ತದೆ, ಅದಕ್ಕೆ ಬೇರೆ ಹಣವಿಲ್ಲ. ನಮ್ಮವರಲ್ಲಿ ಹಲವರು ಸಂಕೋಚದಿಂದ ಕೇಳುವುದಿಲ್ಲ, ದಯವಿಟ್ಟು ಕೇಳಿ. ಅವಕಾಶವಿದ್ದರೆ ಅವರು ನಿಮ್ಮ ಕಾರನ್ನು ಓಡಿಸುವಾಗ ನೀವು ಪಕ್ಕದಲ್ಲಿ ಕೂತು ನೋಡಿ. ನಾನು ಮೇಲೆ ಹೇಳಿದ ಹಿರಿಯರು ಒಮ್ಮೆ ನನ್ನ ಕಾರನ್ನು ಹಾಗೆ ಓಡಿಸಿದರು. ಸಾಲಾಗಿ ಇಟ್ಟ ಕೋನ್‌ಗಳ ನಡುವೆ ಎಡಬಲಕ್ಕೆ ಹೊರಳುತ್ತ ಸಾಗುವ ಸ್ಲಾಲಮ್‌ನಲ್ಲಿ ಅವರ ಕೈಗಳು ನನ್ನ ಕೈಗಳಿಗಿಂತ ಎಷ್ಟೋ ಮೊದಲೇ ತಿರುಗುತ್ತಿದ್ದವು. ಕಾರು ಕೋನಿನ ಪಕ್ಕಕ್ಕೆ ಬರುವ ಹೊತ್ತಿಗೆ ಅದರ ಮೂತಿ ಆಗಲೇ ಮುಂದಿನ ಕೋನಿನ ಕಡೆ ತಿರುಗಲು ಶುರುವಾಗಿರುತ್ತಿತ್ತು. ನಾನಾದರೋ ಕೋನನ್ನು ದಾಟಿದ ಮೇಲೆ ತಿರುಗಿಸುತ್ತಿದ್ದೆ. ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 18 ಮೀಟರ್ ಸಾಗುತ್ತದೆ. ಸ್ಲಾಲಮ್‌ನ ಕೋನ್‌ಗಳ ನಡುವಿನ ಅಂತರವೂ ಹಲವು ಕಡೆ ಅಷ್ಟೇ ಇರುತ್ತದೆ. ಸೆಕೆಂಡಿಗೊಂದು ಕೋನ್ ಬರುವಾಗ, ಎದುರಿಗಿರುವ ಕೋನನ್ನು ನೋಡುತ್ತ ಓಡಿಸುವವರು ಯಾವಾಗಲೂ ತಡವಾಗಿಯೇ ಇರುತ್ತಾರೆ. ಅವರು ನನಗೆ ಆ ದಿನ ಹೇಳಿದ್ದು, ಎರಡು ಕೋನ್ ಮುಂದೆ ನೋಡು ಎಂಬಷ್ಟನ್ನೇ. ಮುಂದಿನ ಓಟದಲ್ಲಿ ನಾನು ಒಂದೂವರೆ ಸೆಕೆಂಡು ಬೇಗ ಮುಗಿಸಿದೆ.

ಇವೆಲ್ಲಕ್ಕೂ ಮೊದಲು ಬರುವ, ಒಂದು ಪೈಸೆಯೂ ಬೇಡದ ಅಭ್ಯಾಸವೆಂದರೆ ದಾರಿಯನ್ನು ನಡೆದು ನೋಡುವುದು. ಇದರ ಬೆಲೆ ಎಷ್ಟೆಂದು ತಿಳಿಯಲು ಎಸ್‌ಸಿಸಿಎಯ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆಯುವ ಬಗೆಯನ್ನು ನೋಡಬೇಕು. ನೆಬ್ರಾಸ್ಕ ರಾಜ್ಯದ ಲಿಂಕನ್ ನಗರದಲ್ಲಿ, ಹಳೆಯ ವಾಯುನೆಲೆಯ ಕಾಂಕ್ರೀಟಿನ ಮೇಲೆ ಸಾವಿರಕ್ಕೂ ಹೆಚ್ಚು ಚಾಲಕರು ಸೇರುತ್ತಾರೆ. ಎರಡು ದಿನ, ಎರಡು ಬೇರೆ ದಾರಿ, ದಿನಕ್ಕೆ ಮೂರೇ ಓಟ. ಎರಡೂ ದಾರಿಗಳ ಅತ್ಯುತ್ತಮ ಸಮಯವನ್ನು ಕೂಡಿಸಿ ಗೆದ್ದವರನ್ನು ನಿರ್ಧರಿಸುತ್ತಾರೆ. ಆ ದಾರಿಗಳಲ್ಲಿ ಮುಂಚಿತವಾಗಿ ಕಾರು ಓಡಿಸಿ ನೋಡುವಂತಿಲ್ಲ, ಕಾಲ್ನಡಿಗೆಯಲ್ಲಿ ನೋಡಿದ್ದಷ್ಟೇ ಸಿದ್ಧತೆ. ಸಣ್ಣ ಊರಿನ ಸ್ಪರ್ಧೆಯಲ್ಲೂ ಕನಿಷ್ಠ ಮೂರು ಸುತ್ತು ನಡೆಯಬೇಕು. ಮೊದಲನೆಯದು ಜೊತೆಗಾರರೊಡನೆ ಮಾತಾಡುತ್ತ ಮುಗಿದುಹೋಗುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎರಡನೆಯದನ್ನು ಒಬ್ಬರೇ ನಡೆಯಿರಿ. ಮುಖ್ಯವಾದ ತಿರುವು ಬಂದಾಗ ಸೀಟಿನಲ್ಲಿ ಕೂತಾಗ ಕಣ್ಣು ಎಷ್ಟು ಎತ್ತರದಲ್ಲಿರುತ್ತದೋ ಅಷ್ಟಕ್ಕೆ ಮೊಣಕಾಲು ಬಗ್ಗಿಸಿ ನೋಡಿ. ನಿಂತಾಗ ಸ್ಪಷ್ಟವಾಗಿ ಕಂಡ ದಾರಿ ಆ ಎತ್ತರದಿಂದ ಬರೀ ಕಿತ್ತಳೆ ಬಣ್ಣದ ಗುಂಪಾಗಿ ಕಾಣುತ್ತದೆ, ಮತ್ತು ಓಡಿಸುವಾಗ ನಿಮಗೆ ಕಾಣುವುದು ಅದೇ. ಮೂರನೆಯ ಸುತ್ತಿನಲ್ಲಿ ಹಾದಿಯನ್ನು ನಿಜಕ್ಕೂ ನಿರ್ಧರಿಸುವ ಹತ್ತು ಹನ್ನೆರಡು ಕೋನ್‌ಗಳನ್ನು ಮಾತ್ರ ಗುರುತಿಟ್ಟುಕೊಳ್ಳಿ. ಕೊನೆಗೆ ಕಾರಿನಲ್ಲಿ ಕೂತು, ಕಣ್ಣು ಮುಚ್ಚಿ, ಇಡೀ ದಾರಿಯನ್ನು ಮನಸ್ಸಿನಲ್ಲಿ ಓಡಿಸಲು ಬಂದರೆ ನಡಿಗೆ ಸಾಕಾಯಿತು ಎಂದರ್ಥ.

ವಿಡಿಯೊ ಮತ್ತು ಡೇಟಾ

ಫೋನಿನ ವಿಡಿಯೊ ಮತ್ತು ಜಿಪಿಎಸ್ ಡೇಟಾಗಳಲ್ಲಿ ಹೊಸಬರಿಗೆ ವಿಡಿಯೊ ಮೇಲು. ಫೋನನ್ನು ಕಾರಿನಲ್ಲಿ ಗಟ್ಟಿಯಾಗಿ ಕೂರಿಸಬೇಕು, ಸ್ಪರ್ಧೆಗೆ ಮುಂಚೆ ನಡೆಯುವ ಕಾರಿನ ತಪಾಸಣೆಯಲ್ಲಿ ಅಲುಗಾಡಿಸಿ ನೋಡುತ್ತಾರೆ. ಕೈ ಮತ್ತು ಎದುರಿನ ಗಾಜು ಎರಡೂ ಕಾಣುವಂತೆ ಹಿಂದಿನಿಂದ ಚಿತ್ರಿಸಿದರೆ, ಕೈ ಯಾವಾಗ ತಿರುಗಿತು, ಕೋನಿಗೂ ಕಾರಿಗೂ ಎಷ್ಟು ಜಾಗ ಉಳಿಯಿತು ಎಂಬ ಎರಡೂ ಪ್ರಶ್ನೆಗಳಿಗೆ ಅಲ್ಲಿಯೇ ಉತ್ತರವಿರುತ್ತದೆ.

ಡೇಟಾ ಬೇಕೆನ್ನುವವರು ರೇಸ್‌ಕ್ರೋನೋ, ಸೋಲೋಸ್ಟಾರ್ಮ್‌ನಂಥ ಆ್ಯಪ್‌ಗಳನ್ನು ಬಳಸುತ್ತಾರೆ. ಇಲ್ಲಿ ಎಚ್ಚರವಿರಬೇಕಾದ ಸಂಗತಿ ಜಿಪಿಎಸ್‌ನ ವೇಗ. ಫೋನಿನೊಳಗಿನ ಜಿಪಿಎಸ್ ಸಾಮಾನ್ಯವಾಗಿ ಸೆಕೆಂಡಿಗೆ ಒಂದೇ ಸಲ ಸ್ಥಳವನ್ನು ದಾಖಲಿಸುತ್ತದೆ. ಸೆಕೆಂಡಿಗೊಂದು ಕೋನ್ ದಾಟುವ ಆಟದಲ್ಲಿ ಹಾಗೆಂದರೆ ಕೋನಿಗೊಂದು ಚುಕ್ಕೆ ಮಾತ್ರ. ನಡುವೆ ಕಾರು ಏನು ಮಾಡಿತೆಂದು ತಿಳಿಯುವುದೇ ಇಲ್ಲ. ಸೆಕೆಂಡಿಗೆ 10 ಸಲ ದಾಖಲಿಸುವ ಹೊರಗಿನ ರಿಸೀವರ್ ಇದ್ದರೆ ಸುಮಾರು 1.8 ಮೀಟರಿಗೊಂದು ಚುಕ್ಕೆ ಸಿಗುತ್ತದೆ, ಆಗ ಚುಕ್ಕೆಗಳನ್ನು ಕೂಡಿಸಿ ಬರುವ ನಿಮ್ಮ ಹಾದಿಯ ಗೆರೆ ನಂಬುವಂತಾಗುತ್ತದೆ. ಆದರೂ ನಿಮ್ಮ ಗೆರೆಯ ಪಕ್ಕದಲ್ಲಿಡಲು ಅದೇ ದಾರಿಯಲ್ಲಿ ಅದೇ ದಿನ ಓಡಿಸಿದ ಇನ್ನೊಬ್ಬ ಉತ್ತಮ ಚಾಲಕರ ಗೆರೆ ಬೇಕು. ಅದಿಲ್ಲದೆ ನೋಡಿದರೆ ನಿಮ್ಮ ಐದು ಓಟಗಳೂ ಒಂದೇ ರೀತಿ ತಪ್ಪಾಗಿದ್ದರೆ ಅದು ಗೊತ್ತೇ ಆಗುವುದಿಲ್ಲ.

ಸಿಮ್ಯುಲೇಟರ್, ಕಾರ್ಟಿಂಗ್, ಟ್ರ್ಯಾಕ್ ಡೇ

ಚಳಿಗಾಲದಲ್ಲಿ ಸ್ಪರ್ಧೆಗಳಿಲ್ಲದಾಗ ಈ ಮೂರರ ನಡುವೆ ಆಯ್ಕೆ ಬರುತ್ತದೆ. ಕಂಪ್ಯೂಟರಿನಲ್ಲಿ ಕಾರು ಓಡಿಸುವ ಅಸೆಟ್ಟೊ ಕೋರ್ಸಾದಂಥ ಸಿಮ್ಯುಲೇಟರ್‌ನಲ್ಲಿ ಹಿಂಬದಿ ಜಾರಿದಾಗ ಸ್ಟೀರಿಂಗನ್ನು ಎದುರು ದಿಕ್ಕಿಗೆ ತಿರುಗಿಸಿ ಸರಿಪಡಿಸುವುದು, ದೂರಕ್ಕೆ ನೋಡುವುದು ಚೆನ್ನಾಗಿ ಮೈಗೂಡುತ್ತವೆ. ಸೀಟಿನ ಮೂಲಕ ಮೈಗೆ ತಿಳಿಯುವ ಜಾರುವಿಕೆ ಅದರಲ್ಲಿಲ್ಲ ಎಂಬ ಕೊರತೆಯನ್ನು ಎಲ್ಲರೂ ಹೇಳುತ್ತಾರೆ. ಅದಕ್ಕಿಂತ ದೊಡ್ಡ ಕೊರತೆ ನನ್ನ ಪ್ರಕಾರ ಬೇರೆ. ಸಿಮ್ಯುಲೇಟರ್ ಒಂದೇ ದಾರಿಯನ್ನು ನೂರು ಸಲ ಓಡಿಸಲು ಬಿಡುತ್ತದೆ, ಆಟೋಕ್ರಾಸ್‌ನಲ್ಲಿ ಹೊಸ ದಾರಿಗೆ ಸಿಗುವುದು ಐದೇ ಓಟ. ನೂರನೆಯ ಸುತ್ತಿನಲ್ಲಿ ಬಂದ ವೇಗ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಮೊದಲ ಸುತ್ತಿನಲ್ಲೇ ಎಷ್ಟು ಹತ್ತಿರ ಬಂದಿರಿ ಎಂಬುದಷ್ಟೇ ಬರುತ್ತದೆ. ಆದ್ದರಿಂದ ಮನೆಯಲ್ಲೂ ಐದು ಓಟವಾದ ಕೂಡಲೇ ದಾರಿಯನ್ನು ಬದಲಿಸಿಬಿಡಿ. ಈ ನಿಯಮ ಹಾಕಿಕೊಂಡ ಚಳಿಗಾಲದ ನಂತರ ನನ್ನ ಮೊದಲ ಓಟಕ್ಕೂ ಕೊನೆಯ ಓಟಕ್ಕೂ ಇದ್ದ ಅಂತರ ಸ್ಪಷ್ಟವಾಗಿ ತಗ್ಗಿತು.

ಬಾಡಿಗೆಯ ಕಾರ್ಟಿಂಗ್ ಅಗ್ಗ, ಸುತ್ತುಗಳೂ ಹೇರಳ. ಕಾರ್ಟಿನ ಹಿಂದಿನ ಎರಡು ಚಕ್ರಗಳು ಒಂದೇ ಆಕ್ಸಲ್‌ಗೆ ಬಿಗಿದಿರುತ್ತವೆ, ಸಸ್ಪೆನ್ಷನ್ ಇರುವುದಿಲ್ಲ, ಬಹಳಷ್ಟು ಬಾಡಿಗೆ ಕಾರ್ಟುಗಳಲ್ಲಿ ಬ್ರೇಕ್ ಇರುವುದೂ ಹಿಂದಿನ ಚಕ್ರಗಳಿಗೆ ಮಾತ್ರ. ಹಾಗಾಗಿ ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲಿ ಮುಂದಿನ ಟೈರಿಗೆ ಹಿಡಿತ ಬರುವ ಅನುಭವ ಅದರಲ್ಲಿ ಸಿಗುವುದು ತೀರ ಕಡಿಮೆ. ಹಾದಿಯನ್ನು ಆರಿಸುವುದಕ್ಕೆ ಮಾತ್ರ ಅದು ಒಳ್ಳೆಯದು. ರೇಸ್ ಟ್ರ್ಯಾಕ್‌ನಲ್ಲಿ ಸ್ವಂತ ಕಾರು ಓಡಿಸಲು ಬಿಡುವ ಟ್ರ್ಯಾಕ್ ಡೇಯಲ್ಲಿ 20 ನಿಮಿಷದ ನಾಲ್ಕು ಸರದಿ ಸಿಕ್ಕರೂ 80 ನಿಮಿಷವಾಯಿತು, ಆಟೋಕ್ರಾಸ್‌ನ ಎರಡು ವರ್ಷಕ್ಕಿಂತ ಹೆಚ್ಚು. ಆದರೆ ಅಲ್ಲಿ ವೇಗ ಬಹಳ ಹೆಚ್ಚು, ತಪ್ಪಿದರೆ ತಾಗುವುದು ರಬ್ಬರ್ ಕೋನಿಗಲ್ಲ, ಬ್ರೇಕ್ ಪ್ಯಾಡ್ ಮತ್ತು ಟೈರಿನ ಖರ್ಚೂ ಜಾಸ್ತಿ, ವಾಹನ ವಿಮೆ ಆ ಹಾನಿಯನ್ನು ತುಂಬಿಕೊಡುತ್ತದೆಯೇ ಎಂದು ಮೊದಲೇ ಓದಿಕೊಳ್ಳಬೇಕು. ಆಟೋಕ್ರಾಸ್‌ನಲ್ಲಿ ಮುಂದುವರಿಯುವುದೇ ಗುರಿಯಾದರೆ ಮೂರರಲ್ಲಿ ನಾನು ಇದನ್ನು ಕೊನೆಗೆ ಇಡುತ್ತೇನೆ.

ಇರುವ ಕಾರು, ಮಿಯಾಟಾ, ಅಥವಾ ಇನ್ನೊಬ್ಬರ ಕಾರು

ಮೊದಲು ನಿಮ್ಮ ಕಾರಿಗೆ ಪ್ರವೇಶವಿದೆಯೇ ನೋಡಿಕೊಳ್ಳಿ. ಎಡಬಲ ಚಕ್ರಗಳ ನಡುವಿನ ಅಂತರಕ್ಕಿಂತ ಎತ್ತರ ಹೆಚ್ಚಿರುವ ಎಸ್‌ಯುವಿ, ವ್ಯಾನ್‌ಗಳನ್ನು ಮಗುಚುವ ಭಯದಿಂದ ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಮನೆಯಲ್ಲಿ ಸೆಡಾನ್ ಅಥವಾ ಹ್ಯಾಚ್‌ಬ್ಯಾಕ್ ಇದ್ದರೆ ಅದರಲ್ಲೇ ಶುರು ಮಾಡಿ. ಬೇರೆ ಬೇರೆ ಬಗೆಯ ಕಾರುಗಳಿಗೆ ಬೇರೆ ವರ್ಗಗಳಿವೆ, ಮತ್ತು ವರ್ಗಗಳ ನಡುವಿನ ಅಂತರವನ್ನು ಸರಿದೂಗಿಸಿ ಹೋಲಿಸಲು ಪ್ಯಾಕ್ಸ್ ಎಂಬ ಗುಣಾಂಕವೂ ಇದೆ. ನಿಧಾನದ ಕಾರಿನಲ್ಲಿದ್ದೇನೆ ಎಂಬ ಕಾರಣಕ್ಕೆ ನಿಮ್ಮ ಕೌಶಲ ಮುಚ್ಚಿಹೋಗುವುದಿಲ್ಲ. 1989ರಲ್ಲಿ ಬಂದ, ಎರಡು ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರಾದ ಮಜ್ದಾ ಮಿಯಾಟಾ ಈ ಆಟದಲ್ಲಿ ಇಷ್ಟು ಜನಪ್ರಿಯವಾಗಿರುವುದಕ್ಕೆ ಕಾರಣವಿದೆ: ಮೊದಲ ತಲೆಮಾರಿನ ಕಾರು ಸುಮಾರು ಒಂದು ಟನ್ ತೂಗುತ್ತದೆ, ಹಿಂದಿನ ಚಕ್ರಗಳಿಂದ ನಡೆಯುತ್ತದೆ, ಟೈರುಗಳೂ ಚಿಕ್ಕವು. ಆದರೆ ಹಳೆಯ ಕಾರು ಕೊಂಡರೆ ವಾರಾಂತ್ಯಗಳು ರಿಪೇರಿಗೆ ಹೋಗುತ್ತವೆ, ಮೊದಲ ವರ್ಷದಲ್ಲಿ ಹಾಗಾಗಬಾರದು.

ಇವೆರಡಕ್ಕಿಂತ ನನಗೆ ಹಿಡಿಸುವುದು ಅನುಭವಿಗಳ ಕಾರಿನಲ್ಲಿ ಸಹಚಾಲಕರಾಗುವುದು, ಅಂದರೆ ಅವರ ಕಾರನ್ನೇ ಇಬ್ಬರೂ ಸರದಿಯಂತೆ ಓಡಿಸಿ ಸ್ಪರ್ಧಿಸುವುದು. ಒಂದೇ ಕಾರು, ಒಂದೇ ಟೈರು, ಒಂದೇ ದಿನ. ಸಮಯದಲ್ಲಿ ಉಳಿಯುವ ವ್ಯತ್ಯಾಸವೆಲ್ಲ ಚಾಲನೆಯದ್ದು. ಟೈರಿನ ಖರ್ಚಿನಲ್ಲಿ ಪಾಲು ಕೊಡಬೇಕು, ಎರಡು ಓಟಗಳ ನಡುವೆ ಬಿಸಿಯಾದ ಟೈರಿಗೆ ನೀರು ಸಿಂಪಡಿಸುವ ಕೆಲಸದಲ್ಲಿ ಕೈಜೋಡಿಸಬೇಕು, ಕಾರಿಗೆ ಏನಾದರೂ ಆದರೆ ಯಾರು ಭರಿಸುವುದು ಎಂಬುದನ್ನು ಮೊದಲೇ ಬಾಯಿಬಿಟ್ಟು ಮಾತಾಡಿಕೊಂಡಿರಬೇಕು.

ಕರ್ನಾಟಕದ ಮಣ್ಣಿನ ದಾರಿಗಳಲ್ಲಿ

ಊರಿನಲ್ಲಿ ಕೊಡಗು, ಚಿಕ್ಕಮಗಳೂರಿನ ಕಡೆ ಆಟೋಕ್ರಾಸ್ ನೋಡಿದವರಿಗೆ ಮೇಲಿನದೆಲ್ಲ ಬೇರೆಯೇ ಆಟವೆನಿಸಬಹುದು. ಭಾರತದಲ್ಲಿ ಈ ಹೆಸರಿನ ಸ್ಪರ್ಧೆಗಳು ಹೆಚ್ಚಾಗಿ ಮಣ್ಣಿನ ಮೇಲೆ, ರ‍್ಯಾಲಿಯ ತಮ್ಮನಂತೆ ನಡೆಯುತ್ತವೆ. ಮೋಟಾರು ಕ್ರೀಡೆಯ ಆಡಳಿತ ಎಫ್‌ಎಂಎಸ್‌ಸಿಐ ಒಕ್ಕೂಟದ್ದು. ಅಲ್ಲಿಗೆ ಹೋಗುವವರು ನನ್ನ ಟೈರಿನ ಮಾತನ್ನು ತಿರುಗಿಸಿಕೊಳ್ಳಬೇಕು. ಸಡಿಲ ಮಣ್ಣಿನಲ್ಲಿ ಟೈರಿನ ಪಟ್ಟೆಯ ವಿನ್ಯಾಸವೇ ಹಿಡಿತವನ್ನು ನಿರ್ಧರಿಸುತ್ತದೆ, ರಸ್ತೆಯ ನುಣುಪಾದ ಟೈರಿನಲ್ಲಿ ಎಷ್ಟು ಕಲಿತವರೂ ಪರದಾಡುತ್ತಾರೆ. ಇಂಜಿನ್ ಅಡಿಯ ರಕ್ಷಣಾ ತಗಡು, ಗಟ್ಟಿ ಸಸ್ಪೆನ್ಷನ್ ಕೂಡ ಅಲ್ಲಿ ಅಲಂಕಾರದ ವಸ್ತುಗಳಲ್ಲ. ಬೆಂಗಳೂರಿನವರಿಗೆ ಟಾರಿನ ಮೇಲೆ ಕೈ ಪಳಗಿಸಿಕೊಳ್ಳಬೇಕೆಂದರೆ ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ ಮತ್ತು ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್‌ಗಳು ಒಂದು ದಿನದ ಪ್ರಯಾಣದ ದೂರದಲ್ಲಿವೆ.

ನಡೆದು ನೋಡುವ ಪಾಠ ಮಾತ್ರ ಎರಡೂ ಕಡೆಗೂ ಒಂದೇ, ಮಣ್ಣಿನಲ್ಲಿ ಅದರ ಕೆಲಸ ಇನ್ನೂ ಹೆಚ್ಚು. ಬೆಳಿಗ್ಗೆ ಸಮತಟ್ಟಾಗಿದ್ದ ತಿರುವಿನಲ್ಲಿ ಮೂವತ್ತು ಕಾರು ಹೋದ ಮೇಲೆ ಚಕ್ರದ ಜಾಡು ಆಳವಾಗಿ, ಅಂಚಿನಲ್ಲಿ ಸಡಿಲ ಮಣ್ಣು ರಾಶಿಯಾಗಿ, ಹಿಡಿತ ಸಿಗುವ ಜಾಗವೇ ಅರ್ಧ ಮೀಟರ್ ಆಚೆಗೆ ಸರಿದಿರುತ್ತದೆ. ಬೆಳಗಿನ ನಡಿಗೆಯಲ್ಲಿ ಗುರುತಿಟ್ಟ ಹಾದಿ ಆ ಹೊತ್ತಿಗೆ ಅಲ್ಲಿರುವುದಿಲ್ಲ. ನಿಮ್ಮ ಸರದಿಗೆ ಐದಾರು ಕಾರು ಇರುವಾಗ, ಅನುಮತಿ ಇರುವ ಜಾಗದಲ್ಲಿ ನಿಂತು, ಮುಂದೆ ಹೋಗುವ ಕಾರುಗಳ ಹಿಂದಿನ ಚಕ್ರ ಆ ತಿರುವಿನಲ್ಲಿ ಎಲ್ಲಿ ಧೂಳೆಬ್ಬಿಸುತ್ತದೆ, ಎಲ್ಲಿ ಕಚ್ಚಿಕೊಳ್ಳುತ್ತದೆ ಎಂದು ನೋಡಿಕೊಂಡು ಬಂದು ಹೆಲ್ಮೆಟ್ ಹಾಕಿಕೊಳ್ಳಿ.